ಪ್ರೇಮಲೀಲಾ ಮೇಡಂ ಆಡದ ಆಟ

ಹೋದ ವರ್ಷ ಆಗಸ್ಟ್ ತಿಂಗಳಲ್ಲಿ, ಹುಣಸೂರು ರಸ್ತೆ ಕಡೆಯ ಒಂದು ಮಹಿಳಾ ಕಾಲೇಜಿನಲ್ಲಿ, ಇತಿಹಾಸಕ್ಕೇ ಅಪಚಾರವಾಗುವಂಥ ಘಟನೆಯೊಂದು ನಡೆಯಿತು. ಅದೂ ಇತಿಹಾಸ ವಿಭಾಗದಲ್ಲಿಯೇ. ಆ ವಿಭಾಗದ ಅಸೋಸಿಯೇಟ್ ಪ್ರೊಫೆಸರ್ ಪ್ರೇಮಲೀಲಾ, ಒಂದೇ ಒಂದು ಸುಳ್ಳು ಹೇಳದೆ, ಕೆಲವೇ ವಾರಗಳಲ್ಲಿ ರಾಷ್ಟ್ರಮಟ್ಟದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯಾಗಿಬಿಟ್ಟರು.

ಇದಕ್ಕೆ ಮೊದಲ ಕಾರಣ ಅವರ ಎತ್ತರ. ಐದು ಅಡಿ ಹನ್ನೊಂದು ಅಂಗುಲದ ಹೆಂಗಸು ಮೈಸೂರಿನಲ್ಲಿ ಎಲ್ಲಿ ನಿಂತರೂ ಕಾಣುತ್ತಾಳೆ. ಆದರೆ ಕಾಣುವುದೇ ಬೇರೆ, ನೋಡುವವರು ಇರುವುದೇ ಬೇರೆ. ದಟ್ಟಗಳ್ಳಿಯಲ್ಲಿ ಅವರು ಮಹಡಿ ಮೇಲೆ ಬಾಡಿಗೆಗಿದ್ದರು. ಕೆಳಗಿದ್ದ ಮಾಲೀಕರ ಹೆಂಡತಿ ಕಮಲ ಅವರಿಗೆ, ಸೂರಿನ ಮೂಲೆಯಲ್ಲಿ ಜೇಡ ಬಲೆ ಕಟ್ಟಿದಾಗ, ವರಾಂಡದ ಬಲ್ಬು ಹೋದಾಗ ಮಾತ್ರ ಮಹಡಿಯ ನೆನಪಾಗುತ್ತಿತ್ತು. "ನಿಮಗಾದ್ರೆ ಸ್ಟೂಲೇ ಬೇಡ ನೋಡಿ" ಎಂದು ಕರೆದುಕೊಂಡು ಹೋಗುತ್ತಿದ್ದರು. ಬಲ್ಬು ಹತ್ತಿಕೊಂಡ ಮೇಲೆ ಪ್ರೇಮಲೀಲಾ ಒಂದು ಕ್ಷಣ ಅಲ್ಲೇ ನಿಲ್ಲುತ್ತಿದ್ದರು, ಕಾಫಿ ಕುಡೀತೀರಾ ಎಂದಾರೇನೋ ಎಂದು. ಬಲ್ಬು ಉರಿಯುತ್ತಿತ್ತು. ಬಾಗಿಲು ಮುಚ್ಚುತ್ತಿತ್ತು.

ಇನ್ನೊಂದು ಕಾರಣ ಅವರ ಮಾತು. ಐವತ್ತು ದಾಟಿದ, ಮದುವೆಯಾಗದ, ತಂದೆತಾಯಿ ತೀರಿಹೋದ ಪ್ರೇಮಲೀಲಾ ಮನೆಯಲ್ಲಿ ಒಬ್ಬರೇ. ಭಾನುವಾರಗಳಂದು ಅವರು ಇನ್ನೊಬ್ಬ ಮನುಷ್ಯನೊಂದಿಗೆ ಆಡುತ್ತಿದ್ದ ಮಾತೆಂದರೆ ದಿನಸಿ ತಂದುಕೊಡುವವನಿಗೆ ಹೇಳುವ ಓಟಿಪಿ. ಅದರಲ್ಲೂ ಕೊನೆಯ ಅಂಕಿ ಬರುವಷ್ಟರಲ್ಲಿ ಅವನು ಗಾಡಿ ತಿರುಗಿಸಿರುತ್ತಿದ್ದ. ಹೊಯ್ಸಳರ ಬಗ್ಗೆ ಒಂದು ಗಂಟೆ ತಡೆಯಿಲ್ಲದೆ ಪಾಠ ಮಾಡುತ್ತಿದ್ದ ಅವರು, ತಮ್ಮ ಬಗ್ಗೆ ಹೇಳಬೇಕಾದಾಗ ಮಾತ್ರ ಅರ್ಧ ವಾಕ್ಯ ಹೇಳಿ, ಉಳಿದರ್ಧವನ್ನು ಹುಡುಕುತ್ತ ನಿಂತುಬಿಡುತ್ತಿದ್ದರು. ಉಪಯೋಗಿಸದ ಬೀಗದ ಹಾಗೆ ಮಾತು ತುಕ್ಕು ಹಿಡಿದಿತ್ತು. ಎದುರಿಗಿದ್ದವರಿಗೆ ಅಷ್ಟು ಹೊತ್ತು ಕಾಯುವ ವ್ಯವಧಾನ ಎಲ್ಲಿ? ಅವರೇ ತಮಗೆ ತೋಚಿದ ಹಾಗೆ ಪೂರ್ತಿ ಮಾಡಿಕೊಂಡು ಹೊರಟುಹೋಗುತ್ತಿದ್ದರು.

ದೈಹಿಕ ಶಿಕ್ಷಣದ ಶಾಲಿನಿ ಮೇಡಂ ಹೆರಿಗೆ ರಜೆಗೆ ಹೋದದ್ದು ಆಗಸ್ಟ್ ಮೊದಲ ವಾರ. ಅಂತರ ಕಾಲೇಜು ಪಂದ್ಯಗಳು ಸೆಪ್ಟೆಂಬರ್ ಕೊನೆಗೆ. ಅಷ್ಟರವರೆಗೆ ಬೆಳಿಗ್ಗೆ ಆರಕ್ಕೆ ಬ್ಯಾಸ್ಕೆಟ್‌ಬಾಲ್ ಪ್ರಾಕ್ಟೀಸ್. ಯಾರಾದರೊಬ್ಬ ಮಹಿಳಾ ಅಧ್ಯಾಪಕರು ಇಲ್ಲದಿದ್ದರೆ ಹುಡುಗಿಯರು ಆ ಹೊತ್ತಿಗೆ ಮೈದಾನಕ್ಕೆ ಇಳಿಯುವಂತಿಲ್ಲ ಎಂಬುದು ಕಾಲೇಜಿನ ನಿಯಮ. ಆಗಷ್ಟೇ ವರ್ಗವಾಗಿ ಬಂದಿದ್ದ ಪ್ರಾಂಶುಪಾಲ ಲಕ್ಷ್ಮೀನರಸಿಂಹ ಅವರು ಸಭೆ ಕರೆದು, ಯಾರು ವಹಿಸಿಕೊಳ್ಳುತ್ತೀರಿ ಎಂದು ಕೇಳಿದರು. ಎಲ್ಲರೂ ಮೇಜಿನ ಮೇಲಿದ್ದ ಬಿಸ್ಕತ್ತಿನ ತಟ್ಟೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಪ್ರಾಂಶುಪಾಲರು ಗಿಡ್ಡಗಿದ್ದರು, ಅವರ ಕಣ್ಣು ಸಾಲಿನುದ್ದಕ್ಕೂ ಸಾಗಿ, ಕೊನೆಯ ಕುರ್ಚಿಯಲ್ಲಿ ಬೆನ್ನು ಬಗ್ಗಿಸಿ ಕೂತಿದ್ದರೂ ಎಲ್ಲರಿಗಿಂತ ಮೇಲಿದ್ದ ಒಂದು ತಲೆಯ ಮೇಲೆ ನಿಂತಿತು.

"ಮೇಡಂ, ನೀವು ಬ್ಯಾಸ್ಕೆಟ್‌ಬಾಲ್ ಆಡಿರಬೇಕಲ್ಲ?"

"ಬ್ಯಾಸ್ಕೆಟ್‌ಬಾಲ್ ಅಂದ್ರೆ ನನಗೆ ಸಾರ್..." ಎಂದರು ಪ್ರೇಮಲೀಲಾ. 'ಭಯ' ಎಂಬುದು ಬಾಕಿಯಿತ್ತು. ಓದುವ ಕಾಲದಲ್ಲಿ ಲೈಬ್ರರಿಗೆ ಹೋಗುವಾಗ ದಾರಿತಪ್ಪಿದ ಚೆಂಡೊಂದು ಬಂದು ಅವರ ಕನ್ನಡಕ ಒಡೆದಿತ್ತು.

"ಪ್ರಾಣ," ಎಂದು ಪ್ರಾಂಶುಪಾಲರು ಮುಗಿಸಿದರು. "ನೋಡಿದ್ರೇನೇ ಗೊತ್ತಾಗುತ್ತೆ ಬಿಡಿ. ಎಲ್ಲರೂ ಮೇಡಂಗೆ ಒಂದು ಚಪ್ಪಾಳೆ ಕೊಡಿ."

ತಮ್ಮ ಮೇಲೆ ಬರಲಿದ್ದುದು ತಪ್ಪಿದ ಸಂತೋಷದಲ್ಲಿ ಸಹೋದ್ಯೋಗಿಗಳು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಅಷ್ಟು ಜನ ಒಟ್ಟಿಗೆ ತಮ್ಮ ಕಡೆ ನೋಡಿ ನಗುತ್ತಿದ್ದುದನ್ನು ಪ್ರೇಮಲೀಲಾ ಅದೇ ಮೊದಲ ಸಲ ಕಂಡದ್ದು. 'ಭಯ' ಅವರ ಗಂಟಲಿನಲ್ಲೇ ಉಳಿಯಿತು.

ಮಾರನೆಯ ದಿನ ಬೆಳಿಗ್ಗೆ ಒಂದು ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು, ಮೊದಲ ಬಸ್ಸು ಹಿಡಿದು, ಪ್ರೇಮಲೀಲಾ ಮೈದಾನಕ್ಕೆ ಬಂದರು. ತುಂತುರು ನಿಂತಿತ್ತು. ಗೇಟು ತೆಗೆಯುವ ಪುಟ್ಟಣ್ಣ ಕೋರ್ಟಿನ ಮೇಲಿನ ನೀರನ್ನು ಪೊರಕೆಯಿಂದ ಆಚೆ ತಳ್ಳುತ್ತಿದ್ದ. ಹುಡುಗಿಯರು ಸಾಲಾಗಿ ನಿಂತು ನಮಸ್ಕಾರ ಹೇಳಿದರು. ತಂಡದ ನಾಯಕಿ ಸಿಂಚನ, ಹಿನಕಲ್ಲಿನವಳು, ಬಿ.ಎ. ಕೊನೆಯ ವರ್ಷ, ಮುಂದೆ ಬಂದು ಚೆಂಡನ್ನು ಅವರ ಕೈಗಿಟ್ಟಳು.

"ಮೇಡಂ, ನಿಮ್ಮ ಪೊಸಿಷನ್ ಯಾವ್ದು?"

ಪ್ರೇಮಲೀಲಾ ಗಂಭೀರವಾಗಿ, "ಅಸೋಸಿಯೇಟ್ ಪ್ರೊಫೆಸರ್," ಎಂದರು.

ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಒಬ್ಬಳು ನಗುತ್ತ ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟಳು. "ಮೇಡಂ ಸೂಪರ್ ಕಣ್ರೇ" ಎಂದಳು. ಏನು ತಮಾಷೆಯಾಯಿತೆಂದು ಪ್ರೇಮಲೀಲಾಗೆ ತಿಳಿಯಲಿಲ್ಲ. ಆದರೆ ತಾವು ಹೇಳಿದ ಮಾತಿಗೆ ಯಾರಾದರೂ ನಕ್ಕು ಎಷ್ಟು ಕಾಲವಾಗಿತ್ತೆಂದು ಲೆಕ್ಕ ಹಾಕಲು ಹೋಗಿ, ಲೆಕ್ಕ ಸಿಗದೆ, ಅವರೂ ಸ್ವಲ್ಪ ನಕ್ಕರು.

ಅಂದಿನಿಂದ ಅವರು ಕಟ್ಟೆಯ ಮೇಲೆ ಕೂತು ನೋಡತೊಡಗಿದರು. ಏನೂ ಹೇಳುತ್ತಿರಲಿಲ್ಲ, ಹೇಳಲು ಏನೂ ಇರಲಿಲ್ಲ. ಹುಡುಗಿಯರು ಅದನ್ನು ಆಳವಾದ ಅವಲೋಕನವೆಂದು ತಿಳಿದಂತಿತ್ತು. ಒಮ್ಮೊಮ್ಮೆ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಚೆಂಡು ತಮ್ಮ ಕಡೆ ಬಂತೆಂಬ ಹೆದರಿಕೆಗೆ. ಆಟ ಅಷ್ಟು ಕೆಟ್ಟದಾಗಿದೆಯೇ ಎಂಬಂತೆ ಹುಡುಗಿಯರು ಇನ್ನಷ್ಟು ಓಡುತ್ತಿದ್ದರು. ಪ್ರಾಕ್ಟೀಸ್ ಮುಗಿದ ಮೇಲೆ ಅವರೆಲ್ಲ ಬೆವರಿನಲ್ಲಿ ಕಟ್ಟೆಯ ಸುತ್ತ ಕೂತು, ಹಾಸ್ಟೆಲ್ಲಿನ ಉಪ್ಪಿಟ್ಟು, ಇಂಟರ್ನಲ್ ಮಾರ್ಕ್ಸು, ಯಾರಿಗೆ ಯಾರು ಮೆಸೇಜು ಮಾಡಿದರು ಎಂಬುದನ್ನೆಲ್ಲ ಅವರೆದುರೇ ಮಾತಾಡುತ್ತಿದ್ದರು. ಪ್ರೇಮಲೀಲಾ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಕುಡಿಯುತ್ತ ಕೇಳುತ್ತಿದ್ದರು. ಆಮೇಲೆ ಬರುವ ಇಡೀ ದಿನವನ್ನು ಆ ಅರ್ಧ ಗಂಟೆಯ ಬಲದ ಮೇಲೆ ಕಳೆಯುತ್ತಿದ್ದರು.

ನಿಜ ಹೇಳಬೇಕೆಂದು ಅವರಿಗೆ ಅನ್ನಿಸದೆ ಇರಲಿಲ್ಲ. ಪ್ರತಿದಿನ ಬಸ್ಸಿನಲ್ಲಿ ಕೂತು ವಾಕ್ಯವನ್ನು ಪೂರ್ತಿ ಜೋಡಿಸಿಕೊಂಡೇ ಬರುತ್ತಿದ್ದರು. ಆದರೆ ಹುಡುಗಿಯರು ಗೇಟಿನ ಹತ್ತಿರವೇ "ಗುಡ್ ಮಾರ್ನಿಂಗ್ ಮೇಡಂ" ಎಂದು ಕೂಗುತ್ತಿದ್ದರು. ವಾಕ್ಯ ಅಲ್ಲಿಗೇ ಚೆದುರಿಹೋಗುತ್ತಿತ್ತು.

ಅಷ್ಟಕ್ಕೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಪ್ರಾಂಶುಪಾಲರು ಪ್ರಚಾರಪ್ರಿಯರು. ಸಂಜೆ ಪತ್ರಿಕೆಯೊಂದರ ವರದಿಗಾರ ವಾಗೀಶನಿಗೆ ಫೋನು ಮಾಡಿ ಕರೆಸಿದರು. ವಾಗೀಶ ಬಹಳ ಅವಸರದ ಮನುಷ್ಯ. ಅವನ ಗಾಡಿಯ ಎಂಜಿನ್ನು ಕೂಡ ಆಫ್ ಆಗಿರಲಿಲ್ಲ.

"ತೊಂಬತ್ಮೂರು, ತೊಂಬತ್ನಾಲ್ಕರಲ್ಲಿ ನೀವು ಏನ್ ಮಾಡ್ತಿದ್ರಿ ಮೇಡಂ?"

"ತೊಂಬತ್ಮೂರರಲ್ಲಿ ನಾನು ರಾಜ್ಯ..." ಎಂದರು ಪ್ರೇಮಲೀಲಾ. ರಾಜ್ಯಶಾಸ್ತ್ರಕ್ಕೆ ಸೀಟು ಸಿಗದೆ ಇತಿಹಾಸದ ಎಂ.ಎ.ಗೆ ಸೇರಿಕೊಂಡೆ ಎಂಬುದು ಅವರ ವಾಕ್ಯ.

"ರಾಜ್ಯ ತಂಡ. ಸಾಕು ಮೇಡಂ, ಫೋಟೋಗೆ ಸ್ವಲ್ಪ ನೆಟ್ಟಗೆ ನಿಂತ್ಕೊಳಿ," ಎಂದ ವಾಗೀಶ.

ಸಂಜೆ ಪತ್ರಿಕೆಯಲ್ಲಿ ಅವರು ರಾಜ್ಯ ತಂಡದಲ್ಲಿದ್ದರು. ಮಾರನೆಯ ದಿನ ಪ್ರಾಂಶುಪಾಲರ ಭಾಷಣದಲ್ಲಿ ರಾಷ್ಟ್ರೀಯ ತಂಡ ಸೇರಿದರು. ಇತಿಹಾಸದಲ್ಲಿ ಸಾಮ್ರಾಜ್ಯಗಳು ವಿಸ್ತರಿಸುವುದು ಹೀಗೆಯೇ ಎಂದು ಪ್ರೇಮಲೀಲಾಗೆ ವೃತ್ತಿಯ ಅನುಭವದಿಂದ ಗೊತ್ತಿತ್ತು. ತಡೆಯುವುದು ಹೇಗೆಂದು ಮಾತ್ರ ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಆ ರಾತ್ರಿ ಊಟದ ಹೊತ್ತಿಗೆ ಶಿವಮೊಗ್ಗದಿಂದ ಅವರ ಅಣ್ಣ ಸುದರ್ಶನ ಫೋನು ಮಾಡಿದ. ಗೌರಿ ಹಬ್ಬಕ್ಕೊಮ್ಮೆ ಮಾತ್ರ ಬರುವ ಫೋನು. ಪ್ರೇಮಲೀಲಾಗೆ ಜೀವ ಬಂದಂತಾಯಿತು. ಲೋಕದಲ್ಲಿ ಈ ಸುಳ್ಳನ್ನು ಮೊದಲು ಹಿಡಿಯಬೇಕಾದವನು ಅವನೇ. ಒಂದೇ ಮನೆಯಲ್ಲಿ ಬೆಳೆದವನು.

"ಲೀಲಾ, ಇದೇನೇ ಇದು. ಯಾರೋ ವಾಟ್ಸಾಪಲ್ಲಿ ಕಳ್ಸಿದ್ರು."

"ಅಣ್ಣಾ, ಅದು ನಿಜ..."

"ನಿಜ ಅಂತ ನೋಡಿದ ತಕ್ಷಣ ಗೊತ್ತಾಯ್ತು ಬಿಡು. ನೀನು ಆಗೆಲ್ಲ ಸಂಜೆ ಹೊತ್ತು ಮಾಡ್ಕೊಂಡು ಬರ್ತಿದ್ದೆಯಲ್ಲ, ಇದಕ್ಕೇನಾ? ಅಪ್ಪನಿಗೆ ಹೆದರ್ಕೊಂಡು ಮುಚ್ಚಿಟ್ಟಿದ್ದೀಯ. ನಂಗಾದ್ರೂ ಹೇಳ್ಬಾರದಿತ್ತಾ?"

ಆಗ ಹೊತ್ತಾಗುತ್ತಿದ್ದುದು ಲೈಬ್ರರಿಯಿಂದ. ಮನೆಗೆ ಬೇಗ ಬಂದರೂ ಯಾರೂ ಮಾತಾಡಿಸುತ್ತಿರಲಿಲ್ಲವೆಂದು ಅವರು ಮುಚ್ಚುವ ಗಂಟೆ ಹೊಡೆಯುವವರೆಗೂ ಅಲ್ಲೇ ಕೂತಿರುತ್ತಿದ್ದರು. ಅಣ್ಣನಿಗೆ ತಂಗಿಯ ಬಗ್ಗೆ ಅನುಮಾನಪಡುವಷ್ಟು ಕೂಡ ಗೊತ್ತಿರಲಿಲ್ಲ. ಪ್ರೇಮಲೀಲಾ ಫೋನು ಇಟ್ಟು, ತಣ್ಣಗಾದ ಸಾರನ್ನು ಮತ್ತೆ ಬಿಸಿ ಮಾಡದೆ ಹಾಗೆಯೇ ಉಂಡರು.

ಬೀದಿಯ ನಡವಳಿಕೆಯೂ ಬದಲಾಯಿತು. ಕಮಲ ಬಲ್ಬಿನ ಕೆಲಸವಿಲ್ಲದೆಯೇ ಮೆಟ್ಟಿಲು ಹತ್ತಿ ಬಂದರು. ಜೊತೆಗೆ ಅವರ ನಾದಿನಿ, ನಾದಿನಿಯ ಮಗಳು. "ಚಿಕ್ಕವರಿದ್ದಾಗ ಏನು ತಿಂತಿದ್ರಿ ಅಂತ ಇವಳಿಗೆ ಸ್ವಲ್ಪ ಹೇಳ್ರೀ. ಎಂಟನೇ ಕ್ಲಾಸು, ಇನ್ನೂ ನನ್ನ ಭುಜಕ್ಕೆ ಬಂದಿಲ್ಲ." ಪ್ರೇಮಲೀಲಾ ಯೋಚಿಸಿ, ಮುದ್ದೆ, ಹುರುಳಿಕಾಳು ಎಂದರು. ಆ ವಾರವಿಡೀ ಕೆಳಗಿನ ಮನೆಯಿಂದ ಹುರುಳಿ ಬೇಯುವ ವಾಸನೆ ಬರುತ್ತಿತ್ತು. ಒಂದು ಬಟ್ಟಲು ಬಸ್ಸಾರು ಮಹಡಿಗೂ ಬಂತು.

ಸಿಂಚನಳ ಅಜ್ಜಿ ಚಿಕ್ಕಮಾದಮ್ಮ ಒಂದು ಬೆಳಿಗ್ಗೆ ಹಿನಕಲ್ಲಿನಿಂದ ನೇರ ಮೈದಾನಕ್ಕೇ ಬಂದಿಳಿದರು. ಮೊಮ್ಮಗಳನ್ನು ಈ ವರ್ಷ ಆಟ ಬಿಡಿಸಬೇಕೆಂಬುದು ಅವರ ತೀರ್ಮಾನ. ಅದಕ್ಕೆ ಮೊದಲು ಮೇಡಮ್ಮನನ್ನು ಒಮ್ಮೆ ಕಣ್ಣಿಂದ ನೋಡಬೇಕಿತ್ತು. ಕುತ್ತಿಗೆ ಎತ್ತಿ ಅಡಿಯಿಂದ ಮುಡಿಯವರೆಗೆ ನೋಡಿದರು.

"ಇಷ್ಟುದ್ದ ಬೆಳ್ದಿದ್ದೀಯಲ್ಲವ್ವ. ಮದ್ವೆ ಆಗ್ನಿಲ್ವಂತೆ. ಈ ಚೆಂಡಾಟ ಆಡೇಯಾ ಅಂಗಾಗಿದ್ದು?"

ಸಿಂಚನ "ಅಜ್ಜೀ" ಎಂದು ಗೊಣಗಿದಳು.

"ಆಟಕ್ಕೂ ಅದಕ್ಕೂ ಸಂಬಂಧ ಇಲ್ಲ ಅಮ್ಮ," ಎಂದರು ಪ್ರೇಮಲೀಲಾ. "ಆಡದೇ ಇದ್ದಿದ್ರೂ ಆಗ್ತಿರಲಿಲ್ಲ."

ಆ ತಿಂಗಳಲ್ಲಿ ತಮ್ಮ ಬಗ್ಗೆ ಅವರು ಪೂರ್ತಿ ಮಾಡಿದ ಮಾತು ಇದೊಂದೇ. ಅದರಲ್ಲಿ ಸುಳ್ಳಿನ ಒಂದು ಎಳೆಯೂ ಇರಲಿಲ್ಲ. ಚಿಕ್ಕಮಾದಮ್ಮ ಪಕ್ಕದಲ್ಲಿ ಕೂತರು.

"ಒಬ್ಳೇ ಇರಾಕೆ ಬೇಜಾರಾಗಾಕಿಲ್ವಾ?"

"ಅಭ್ಯಾಸ ಆಗಿದೆ."

"ಅಬ್ಯಾಸ ಆಯ್ತಾ ಅಂತ ಕೇಳ್ನಿಲ್ಲ ನಾನು," ಎಂದು ಚಿಕ್ಕಮಾದಮ್ಮ ಸೆರಗಿನ ಗಂಟು ಬಿಚ್ಚಿ, ಇನ್ನೂ ಬೆಚ್ಚಗಿದ್ದ ಬೇಯಿಸಿದ ಕಡಲೆಕಾಯನ್ನು ಅವರ ಮಡಿಲಿಗೆ ಸುರಿದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಆಡ್ಕೊ ಓಗು. ಆಟದ ತಪ್ಪಲ್ವಂತೆ," ಎಂದರು.

ಇಷ್ಟರವರೆಗೆ ಅಪಾಯವಿರಲಿಲ್ಲ. ಅಪಾಯ ಬಂದದ್ದು ಒಂದು ಗುರುವಾರ, ಕೆಂಪು ಸ್ಕೂಟರಿನಲ್ಲಿ.

ಬಂದಾಕೆ ಶುಭಾ. ಸರಸ್ವತಿಪುರಂನವರು, ಪ್ರೇಮಲೀಲಾ ಅವರ ವಯಸ್ಸೇ. ದುಂಡಗಿದ್ದರು, ಬಲ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದರು. ತೊಂಬತ್ಮೂರರಲ್ಲಿ ರಾಜ್ಯ ಮಹಿಳಾ ತಂಡಕ್ಕೆ ನಿಜವಾಗಿಯೂ ಆಡಿದವರು. ಪತ್ರಿಕೆಯ ಫೋಟೋ ನೋಡಿ ಬಂದಿದ್ದರು. ಗೇಟಿನ ಹತ್ತಿರ ಅವರು ತಮ್ಮ ಹೆಸರು, ತಾವು ಆಡಿದ ತಂಡ ಹೇಳಿದ್ದು ಕೇಳಿ ಪ್ರೇಮಲೀಲಾ ಎದ್ದು ನಿಂತರು. ಸಿಕ್ಕಿಬಿದ್ದೆ ಎಂದುಕೊಂಡರು. ಅದರೊಂದಿಗೆ, ಸದ್ಯ ಮುಗಿಯಿತಲ್ಲ ಎಂದೂ ಅನ್ನಿಸಿತು.

ಶುಭಾ ಓಡಿಬಂದು ಅವರನ್ನು ತಬ್ಬಿಕೊಂಡರು. ತಲೆ ಅವರ ಎದೆಯವರೆಗೆ ಮಾತ್ರ ಬಂತು.

"ಎಷ್ಟ್ ವರ್ಷ ಆಯ್ತೇ. ಇದೇ ಊರಲ್ಲಿದ್ದೀಯ, ಒಂದು ಸಲ ಸಿಕ್ಕಿಲ್ಲ ನೋಡು."

"ನೀವು ತಪ್ಪು..."

"ತಪ್ಪು ನಂದೇ ಕಣೆ. ಕ್ಯಾಂಪ್ ಮುಗಿದ ಮೇಲೆ ಅಡ್ರೆಸ್ ಇಸ್ಕೋಬೇಕಿತ್ತು, ಇಸ್ಕೊಳ್ಲಿಲ್ಲ. ನೀವು ಗೀವು ಅಂತೀಯಲ್ಲ, ನಾನೇನ್ ನಿಮ್ಮ ಪ್ರಿನ್ಸಿಪಾಲಾ?"

ಆ ತಂಡದಲ್ಲಿ ಬಹಳ ಎತ್ತರದ, ಮಾತೇ ಆಡದ ಹುಡುಗಿಯೊಬ್ಬಳಿದ್ದಳು. ಶುಭಾ ಅವಳೇ ಇವರೆಂದು ತಿಳಿದಿದ್ದರು. ಮೂವತ್ತು ವರ್ಷಗಳಲ್ಲಿ ಮುಖ ಮಸುಕಾಗಿ ಎತ್ತರವೊಂದೇ ನೆನಪಿನಲ್ಲಿ ಉಳಿದಿತ್ತು.

ಆವತ್ತಿನಿಂದ ಶುಭಾ ದಿನವೂ ಬಂದರು. ಅವರ ಮನೆಯಲ್ಲಿ ಗಂಡ, ಮಗಳು, ಮೈದುನ, ಎಲ್ಲರ ಕಿವಿಯಲ್ಲೂ ಸದಾ ಇಯರ್‌ಫೋನು. ಅವರು ಮಾತು ಶುರು ಮಾಡಿದ ಕೂಡಲೇ ವಾಲ್ಯೂಮು ಏರುತ್ತಿತ್ತಂತೆ. ಕೇಳುವವರಿಲ್ಲದ ಮಾತಿಗೂ ಮಾತಿಲ್ಲದ ಕಿವಿಗೂ ಹೀಗೆ ಭೇಟಿಯಾಯಿತು. ಹುಡುಗಿಯರಿಗೆ ಕೊನೆಗೂ ಆಟ ಹೇಳಿಕೊಡುವವರು ಸಿಕ್ಕರು. "ಮೊಣಕೈ ಒಳಗೆ ತಗೊಳೇ. ಚೆಂಡು ನೋಡ್ಬೇಡ, ಜಾಗ ನೋಡು. ಮೇಡಂ ಎಷ್ಟು ಸುಮ್ನೆ ಕೂತಿದ್ದಾರೆ ನೋಡಿ, ಆ ಕಾಲದಲ್ಲೂ ಹೀಗೇ." ಪ್ರಾಕ್ಟೀಸ್ ಮುಗಿದು ಹುಡುಗಿಯರು ಹೋದ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ಫ್ಲಾಸ್ಕಿನ ಕಾಫಿ ಹಂಚಿಕೊಳ್ಳುತ್ತಿದ್ದರು.

"ರೈಲಲ್ಲಿ ನೀನು ಕಿಟಕಿ ಪಕ್ಕ ಕೂತಿದ್ದೆ. ಒಂದು ಶೂ ಹೊರಗೆ ಬಿದ್ಹೋಯ್ತು, ನೆನಪಿದ್ಯಾ? ಮೊದಲನೇ ಮ್ಯಾಚು ಇನ್ಯಾರದೋ ಶೂ ಹಾಕ್ಕೊಂಡು ಕುಂಟ್ಕೊಂಡು ಆಡ್ದೆ."

ಪ್ರೇಮಲೀಲಾ ತಲೆಯಾಡಿಸುತ್ತಿದ್ದರು. ಮೊದಮೊದಲು ಬಾಯಿ ಬಾರದೆ ತಲೆಯಾಡಿಸಿದರು. ಆಮೇಲಾಮೇಲೆ, ಹೇಳಿಕೊಳ್ಳಲು ನಾಚಿಕೆಯ ವಿಷಯ, ಅವರಿಗೇ ನೆನಪಾಗತೊಡಗಿತು. ರೈಲಿನ ಕಿಟಕಿಯ ಗಾಳಿ ಮುಖಕ್ಕೆ ತಾಗಿತು. ಕೆಳಗೆ ಬಿದ್ದ ಬಿಳಿಯ ಶೂ ಹಳಿಯ ಪಕ್ಕದಲ್ಲಿ ಚಿಕ್ಕದಾಗುತ್ತ ಹೋದದ್ದು ಕಂಡಿತು. ಆಧಾರವಿಲ್ಲದೆ ಒಂದು ತಾರೀಖನ್ನೂ ನಂಬದ ಇತಿಹಾಸದ ಅಧ್ಯಾಪಕಿ, ಇನ್ನೊಬ್ಬಳ ಇಪ್ಪತ್ತನೇ ವಯಸ್ಸನ್ನು ಹೀಗೆ ಸ್ವಲ್ಪಸ್ವಲ್ಪವಾಗಿ ತಮ್ಮದಾಗಿಸಿಕೊಂಡರು. ತಮ್ಮ ಇಪ್ಪತ್ತನೇ ವಯಸ್ಸಿನಲ್ಲಿ ಜೊತೆಗೆ ಪ್ರಯಾಣ ಮಾಡಿದವರು ಯಾರೂ ಇರಲಿಲ್ಲ.

ಪಂದ್ಯಗಳಿಗೆ ಮುಂಚೆ ಉದಯಗಿರಿ ಕಡೆಯ ಕಾಲೇಜೊಂದರ ಹುಡುಗಿಯರೊಡನೆ ಸ್ನೇಹಪಂದ್ಯ ಏರ್ಪಾಡಾಯಿತು. ಪ್ರಾಂಶುಪಾಲರು ಶಾಮಿಯಾನ ಹಾಕಿಸಿದರು, ಮೈಕು ತರಿಸಿದರು. ಕಮಲ ನಾದಿನಿಯ ಕುಟುಂಬದೊಂದಿಗೆ ಮುಂದಿನ ಸಾಲಿನಲ್ಲಿ ಕೂತರು. ಚಿಕ್ಕಮಾದಮ್ಮ ಪಕ್ಕದಲ್ಲಿ ಜಾಗ ಹಿಡಿದರು. ವಾಗೀಶ ಈ ಸಲ ಎಂಜಿನ್ನು ಆಫ್ ಮಾಡಿದ್ದ.

"ಆಟಕ್ಕೆ ಮೊದಲು," ಎಂದು ಪ್ರಾಂಶುಪಾಲರು ಮೈಕಿನಲ್ಲಿ ಘೋಷಿಸಿದರು, "ನಮ್ಮ ಇಬ್ಬರು ಹಿರಿಯ ಆಟಗಾರ್ತಿಯರು ಮೂವತ್ತು ವರ್ಷದ ನಂತರ ಮತ್ತೊಮ್ಮೆ ಒಟ್ಟಿಗೆ ಒಂದು ಬ್ಯಾಸ್ಕೆಟ್ ಹಾಕ್ತಾರೆ. ಶುಭಾ ಮೇಡಂ ಪಾಸ್ ಕೊಡ್ತಾರೆ. ನಮ್ಮ ಪ್ರೇಮಲೀಲಾ ಮೇಡಂ ಹಾಕ್ತಾರೆ."

ಇದು ಯಾರೂ ಪ್ರೇಮಲೀಲಾಗೆ ಮೊದಲೇ ಹೇಳಿದ್ದಲ್ಲ. ಹುಡುಗಿಯರು ಅವರನ್ನು ಎಬ್ಬಿಸಿ ಕೋರ್ಟಿನ ನಡುವೆ ನಿಲ್ಲಿಸಿದರು. ಸೀರೆ, ಚಪ್ಪಲಿ, ವ್ಯಾನಿಟಿ ಬ್ಯಾಗು. ಬ್ಯಾಗನ್ನು ಸಿಂಚನ ಇಸಿದುಕೊಂಡಳು. ಎದುರಿಗೆ ಶುಭಾ, ಮೊಣಕಾಲಿನ ಪಟ್ಟಿ ಬಿಗಿ ಮಾಡಿಕೊಂಡು, ಚೆಂಡು ಹಿಡಿದು ನಿಂತಿದ್ದರು. ಅವರ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ಅದನ್ನು ನೋಡಿದ ಮೇಲೆ ಪ್ರೇಮಲೀಲಾಗೆ ಸುಮ್ಮನಿರಲು ಆಗಲಿಲ್ಲ. ಆ ಸಂತೋಷ ತಮಗೆ ಸಲ್ಲಬೇಕಾದದ್ದಲ್ಲ, ಆ ಇನ್ನೊಬ್ಬ ಹುಡುಗಿಗೆ. ಅವರು ನಡೆದುಹೋಗಿ ಪ್ರಾಂಶುಪಾಲರ ಕೈಯಿಂದ ಮೈಕು ತೆಗೆದುಕೊಂಡರು.

"ನಾನು ಜೀವನದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿಯೇ ಇಲ್ಲ. ಯಾವ ತಂಡದಲ್ಲೂ ಇರಲಿಲ್ಲ."

ವಾಕ್ಯ ಪೂರ್ತಿಯಾಗಿಯೇ ಬಂತು. ಎರಡು ಬಂದವು. ಎಲ್ಲರಿಗೂ ಕೇಳಿಸಿತು.

ಪ್ರಾಂಶುಪಾಲರು ಮೈಕು ವಾಪಸು ತೆಗೆದುಕೊಂಡರು. "ಕೇಳಿದ್ರಾ? ಆಡಿಯೇ ಇಲ್ಲ ಅಂತಾರೆ. ಎರಡು ಮ್ಯಾಚು ಆಡಿದವರು ಮೀಸೆ ತಿರುವೋ ಕಾಲ ಇದು. ದೊಡ್ಡವರ ವಿನಯ ಅಂದ್ರೆ ಇದು."

ಶಾಮಿಯಾನ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಕಮಲ ಕಣ್ಣೊರೆಸಿಕೊಂಡರು. ಅದೇ ಹೊತ್ತಿಗೆ ಶುಭಾ ಪಾಸ್ ಕೊಟ್ಟರು. ಪ್ರೇಮಲೀಲಾ ಕಣ್ಣು ಮುಚ್ಚಿ, ಎರಡೂ ಕೈ ಚಾಚಿ, ಅಟ್ಟದಿಂದ ಯಾರೋ ಇಳಿಸಿಕೊಟ್ಟ ಕುಂಬಳಕಾಯಿಯನ್ನು ಹಿಡಿಯುವಂತೆ ಅದನ್ನು ಹೊಟ್ಟೆಗವಚಿಕೊಂಡರು. ಆಮೇಲೆ, ಇದನ್ನು ಹೇಗಾದರೂ ಕೈಬಿಟ್ಟರೆ ಸಾಕೆಂದು, ಇದ್ದ ಬಲವನ್ನೆಲ್ಲ ಹಾಕಿ ಎಸೆದರು. ಚೆಂಡು ಬೋರ್ಡನ್ನು ದಾಟಿತು, ಕಾಂಪೌಂಡನ್ನು ದಾಟಿತು. ರಸ್ತೆಯಲ್ಲಿ ಒಂದು ಆಟೋ ಬ್ರೇಕು ಹಾಕಿದ ಸದ್ದು, ಹಿಂದೆಯೇ ಡ್ರೈವರನ ಬೈಗುಳ ಕೇಳಿಸಿತು.

"ಮೊದಲನೇ ಬ್ಯಾಸ್ಕೆಟ್ ಮಕ್ಕಳದೇ ಆಗಲಿ ಅಂತ ಬಿಟ್ಟುಕೊಟ್ಟರು," ಎಂದು ಪ್ರಾಂಶುಪಾಲರು ಗದ್ಗದಿತರಾಗಿ ವಿವರಿಸಿದರು. ಮತ್ತೆ ಚಪ್ಪಾಳೆ.

ಚಪ್ಪಾಳೆ ತಟ್ಟದೆ ಇದ್ದವರು ಒಬ್ಬರೇ. ಶುಭಾ ಚೆಂಡು ಹೋದ ದಿಕ್ಕನ್ನು ನೋಡುತ್ತಿರಲಿಲ್ಲ; ಪ್ರೇಮಲೀಲಾ ಅವರ ಕೈಗಳನ್ನು ನೋಡುತ್ತಿದ್ದರು. ಆಡಿದ ಕೈ ಎಷ್ಟು ವರ್ಷವಾದರೂ ಹಾಗೆ ಹಿಡಿಯುವುದಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಮೈಕಲ್ಲಿ ಹೇಳಿದ್ದು ನಿಜಾನಾ?"

"ನಿಜ."

"ಆ ರೈಲು? ಶೂ?"

"ನಾನಲ್ಲ."

ದಿನಕ್ಕೆ ಸಾವಿರ ಮಾತಾಡುವ ಹೆಂಗಸು ಒಂದು ಮಾತೂ ಆಡದೆ ಗೇಟಿನ ಕಡೆ ನಡೆದರು. ಕೆಂಪು ಸ್ಕೂಟರು ಸ್ಟಾರ್ಟಾದ ಸದ್ದು ಕೇಳಿಸಿತು. ಅಷ್ಟರಲ್ಲಿ ಆಟ ಶುರುವಾಗಿತ್ತು. ಅದರಲ್ಲಿ ಯಾರು ಗೆದ್ದರೆಂದು ಪ್ರೇಮಲೀಲಾಗೆ ಎಷ್ಟೋ ದಿನದವರೆಗೆ ಗೊತ್ತಿರಲಿಲ್ಲ.

ಮಾರನೆಯ ದಿನದಿಂದ ಶುಭಾ ಬರಲಿಲ್ಲ. ಪ್ರೇಮಲೀಲಾ ಎರಡು ಬಾರಿ ಫೋನು ಮಾಡಿದರು; ರಿಂಗಾಗಿ ನಿಂತಿತು. ಪ್ರಾಂಶುಪಾಲರ ಕೊಠಡಿಗೂ ಹೋದರು. ಇವರು ಮಾತು ಮುಗಿಸುವ ಮೊದಲೇ ಪ್ರಾಂಶುಪಾಲರು, "ನಿಮ್ಮ ಈ ಗುಣದಿಂದಲೇ ಮೇಡಂ ನೀವು ಅಷ್ಟು ಎತ್ತರಕ್ಕೆ ಹೋಗಿದ್ದು," ಎಂದು ಕೈಮುಗಿದರು. ಕೊನೆಗೆ ಹುಡುಗಿಯರನ್ನು ಕಟ್ಟೆಯ ಸುತ್ತ ಕೂರಿಸಿಕೊಂಡು ಅವರೇ ಎಲ್ಲವನ್ನೂ ಹೇಳಿದರು.

ಸಿಂಚನ ಲೇಸು ಬಿಗಿಯುತ್ತಿದ್ದವಳು ತಲೆ ಎತ್ತಲಿಲ್ಲ. "ನಮಗೆ ಮೊದಲನೇ ದಿನಾನೇ ಗೊತ್ತಾಯ್ತು ಮೇಡಂ. ನಾನು ಬಾಲ್ ಕೊಟ್ಟಾಗ ಅದನ್ನ ಬ್ಯಾಗಿಗೆ ಹಾಕ್ಕೊಳಕ್ಕೆ ನೋಡಿದ್ರಿ."

"ಮತ್ತೆ ಯಾರಿಗೂ ಹೇಳ್ಲಿಲ್ವಲ್ಲ?"

"ಹೇಳಿದ್ರೆ ನಿಮ್ಮನ್ನ ತೆಗೀತಿದ್ರು. ಆರು ಗಂಟೆಗೆ ಎದ್ದು ಬರೋ ಲೆಕ್ಚರರು ಇನ್ಯಾರಿದ್ದಾರೆ? ಪ್ರಾಕ್ಟೀಸೇ ನಿಂತ್ಹೋಗ್ತಿತ್ತು."

ಅಷ್ಟು ಹೇಳಿ ಸಿಂಚನ ಎದ್ದು ಓಡಿದಳು. ಪ್ರೀತಿಯಿಂದಲ್ಲ, ಅವಶ್ಯಕತೆಯಿಂದ ಇಟ್ಟುಕೊಂಡಿದ್ದರು. ಪ್ರೇಮಲೀಲಾ ಅದರ ಬಗ್ಗೆ ಯೋಚಿಸಿದರು. ಬಲ್ಬು ಹಾಕುವುದಕ್ಕಿಂತ ಇದು ಒಂದು ಮೆಟ್ಟಿಲು ಮೇಲೆ ಎಂದು ತೀರ್ಮಾನಿಸಿ, ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ಕಾಫಿ ಇಬ್ಬರಿಗಾಗುವಷ್ಟಿತ್ತು. ಮಾಡುವಾಗ ಕೈ ತಪ್ಪಿತ್ತು.

ಪಂದ್ಯಗಳು ಬಂದವು. ತಂಡ ಮೊದಲ ಆಟ ಗೆದ್ದಿತು, ಎರಡನೆಯದರಲ್ಲಿ ಕೊನೆಯ ನಿಮಿಷದಲ್ಲಿ ಸೋತಿತು. ಹುಡುಗಿಯರು ಬಸ್ಸಿನಲ್ಲಿ ಅತ್ತರು, ಆಮೇಲೆ ಗೋಬಿ ಮಂಚೂರಿ ತಿಂದರು, ಆಮೇಲೆ ಹಾಡಿದರು. ಇಳಿಯುವಾಗ "ಬಾಯ್ ಮೇಡಂ, ಮುಂದಿನ ವರ್ಷ" ಎಂದರು. ಅಲ್ಲಿಗೆ ಪ್ರಾಕ್ಟೀಸ್ ಮುಗಿಯಿತು.

ಸೋಮವಾರ ಬೆಳಿಗ್ಗೆ ಪ್ರೇಮಲೀಲಾ ಎಂದಿನಂತೆ ಎದ್ದರು. ಎಂದಿನಂತೆ ಮೊದಲ ಬಸ್ಸು ಹಿಡಿದರು. ಕಾಲೇಜಿನ ಹತ್ತಿರ ಇಳಿದ ಮೇಲೆಯೇ ಅವರಿಗೆ ಇವತ್ತು ಏನೂ ಇಲ್ಲವೆಂದು ಹೊಳೆದದ್ದು. ಅಥವಾ ಹಾಗೆಂದು ಅವರು ತಮಗೆ ತಾವೇ ಹೇಳಿಕೊಂಡರು. ಗೇಟಿಗೆ ಬೀಗ. ಪುಟ್ಟಣ್ಣನೂ ಬಂದಿರಲಿಲ್ಲ. ಕಂಬಿಗಳ ಆಚೆ ಕೋರ್ಟು ಒದ್ದೆಯಾಗಿ ಖಾಲಿ ಬಿದ್ದಿತ್ತು. ಕ್ಲಾಸು ಹತ್ತೂವರೆಗೆ. ಅಷ್ಟು ಹೊತ್ತು ಎಲ್ಲಿಗೆ ಹೋಗುವುದು? ಅವರು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತರು.

ಸ್ವಲ್ಪ ಹೊತ್ತಿಗೆ ಕೆಂಪು ಸ್ಕೂಟರು ಬಂದು ನಿಂತಿತು. ಶುಭಾ ಹೆಲ್ಮೆಟ್ಟು ತೆಗೆದು ಗೇಟನ್ನು ನೋಡಿದರು, ಬೀಗ ನೋಡಿದರು.

"ಹುಡುಗೀರೆಲ್ಲಿ?"

"ಸೋತ್ರು. ಇನ್ನು ಪ್ರಾಕ್ಟೀಸ್ ಇಲ್ಲ."

"ಮತ್ತೆ ನೀನ್ಯಾಕೆ ಬಂದಿದ್ದೀಯ?"

ಪ್ರೇಮಲೀಲಾ ಕಲ್ಲಿನಿಂದ ಎದ್ದರು. "ಗೊತ್ತಿಲ್ಲ. ನೀವು?"

"ನಿಂಗೆ ಬೈಯಕ್ಕೆ. ಇಷ್ಟು ದಿನ ಮನೇಲಿ ಕೂತು ಬೈಯೋದೆಲ್ಲ ಯೋಚ್ನೆ ಮಾಡ್ದೆ. ಅಲ್ಲಿ ಹೇಳಿದ್ರೆ ಯಾರು ಕೇಳ್ತಾರೆ? ಅದಕ್ಕೆ ಇಲ್ಲೇ ಬಂದೆ."

ಮೂಲೆಯ ಹೋಟೆಲು ಆಗಷ್ಟೇ ಬಾಗಿಲು ತೆರೆದಿತ್ತು. ಇಬ್ಬರೂ ಎದುರುಬದುರು ಕೂತರು. ಕಾಫಿ ಬಂತು. ಶುಭಾ ಲೋಟ ಹಿಡಿದುಕೊಂಡು ಕುಡಿಯದೆ ಇದ್ದರು.

"ಆ ಹುಡುಗಿ ಹೆಸ್ರೇ ನಂಗೆ ನೆನಪಿಲ್ಲ ಕಣೆ. ಪೇಪರಲ್ಲಿ ನಿನ್ನ ಹೆಸರು ನೋಡಿ, ಓ, ಇದೇ ಇರಬೇಕು ಅಂದ್ಕೊಂಡೆ. ಅವಳ ಶೂ ಬಿದ್ಹೋದಾಗ ಇಡೀ ಬೋಗಿ ನಕ್ತು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನಾನು. ಕ್ಯಾಂಪ್ ಮುಗಿಯೋವರೆಗೂ ಅವಳ ಜೊತೆ ಯಾರೂ ಮಾತಾಡ್ಲಿಲ್ಲ. ನೀನು ಸಿಕ್ಕಾಗ, ಈಗಲಾದ್ರೂ ಅವಳ ಪಕ್ಕ ಕೂತ್ಕೊಂಡ್ನಲ್ಲ ಅಂತ ಎಷ್ಟು ಸಮಾಧಾನ ಆಗಿತ್ತು ಗೊತ್ತಾ? ಅದನ್ನ ಕಿತ್ಕೊಂಡ್ಬುಟ್ಟೆ ನೀನು."

ಪ್ರೇಮಲೀಲಾಗೆ ಹೇಳಲು ಇದ್ದದ್ದು ಒಂದೇ ಮಾತು. ಹೋಟೆಲಿನವನು ರೇಡಿಯೋ ಹಾಕಿ, ಸಾಂಬ್ರಾಣಿ ಹಚ್ಚಿ, ಪಟಗಳಿಗೆ ತೋರಿಸಿ ಬರುವವರೆಗೂ ಆ ಮಾತು ಹೊರಗೆ ಬರಲಿಲ್ಲ. ಆಮೇಲೆ ಬಂತು.

"ಅವಳ ಹೆಸರು ಹುಡುಕಬಹುದು. ಹುಡುಕೋದು ನನಗೆ ಬರುತ್ತೆ."

ಶುಭಾ ಅವರನ್ನು ನೋಡಿದರು. ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟರು.

"ಅದು ಆಮೇಲೆ. ಮೊದಲು ಬೈಯೋದು ಮುಗೀಲಿ," ಎಂದು ಶುರು ಮಾಡಿದರು. ಚೆನ್ನಾಗಿಯೇ ಬೈದರು. ಮೋಸಗಾತಿ ಎಂದರು, ಗರುಡಗಂಬ ಎಂದರು, ಬಾಯಿಗೆ ಬೀಗ ಹಾಕಿಕೊಂಡು ಬದುಕುವವಳು ಎಂದರು. ಪಕ್ಕದ ಮೇಜಿನವರು ಇಡ್ಲಿ ಮುಗಿಸಿ, ಇನ್ನೊಂದು ತರಿಸಿಕೊಂಡು ಕೇಳಿದರು. ಪ್ರೇಮಲೀಲಾ ಒಂದು ಮಾತನ್ನೂ ಬಿಡದೆ ಗಮನವಿಟ್ಟು ಆಲಿಸಿದರು. ಹತ್ತು ಗಂಟೆಯಾಯಿತು, ಕ್ಲಾಸಿಗೆ ಹೊತ್ತಾಯಿತು. ಬೈಯುವುದು ಇನ್ನೂ ಅರ್ಧ ಬಾಕಿಯಿತ್ತು. ಆದ್ದರಿಂದ ಶುಭಾ, ನಾಳೆಯೂ ಆರು ಗಂಟೆಗೆ ಸರಿಯಾಗಿ ಬರಬೇಕೆಂದು ಅವರಿಗೆ ತಾಕೀತು ಮಾಡಿ ಹೋದರು.